ನಿಮಗಿದು ಗೊತ್ತೇ? ಗರ್ಭಕೋಶ ತೆಗೆಸಿದ ಮೇಲೂ ಪರೀಕ್ಷೆ ಬೇಕಾಗಬಹುದು

‘ಗರ್ಭಕೋಶವೇ ಇಲ್ಲ, ಇನ್ನೆಂಥ ಚೆಕಪ್ಪು?’ ಬೆಂಗಳೂರಿನ ಮಾರೇನಹಳ್ಳಿಯಲ್ಲಿ ಐವತ್ತು ದಾಟಿದ ಯಾವ ಗೃಹಿಣಿಯಾದರೂ ಕೇಳಬಹುದಾದ ಪ್ರಶ್ನೆ. ಆದರೆ ಗರ್ಭಕೋಶ ಹೋದರೂ ಯೋನಿ ಉಳಿದಿರುತ್ತದೆ. ಅದರ ಒಳಪದರದಲ್ಲೂ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಕಾಣಿಸಿಕೊಳ್ಳಬಹುದು. ರಿಪೋರ್ಟಿನಲ್ಲಿ ಇದರ ಹೆಸರು ‘ವೇಯ್ನ್’ (VaIN). ಇದು ಕ್ಯಾನ್ಸರ್ ಅಲ್ಲ. ಹೆದರುವ ಮೊದಲು ಅಷ್ಟು ತಿಳಿದಿರಲಿ.

ಇದರಲ್ಲಿ ಮೂರು ದರ್ಜೆ. ಪದರದ ಕೆಳಗಿನ ಮೂರನೇ ಒಂದು ಭಾಗದ ಕೋಶಗಳಷ್ಟೇ ಕೆಟ್ಟಿದ್ದರೆ 1, ಮೂರನೇ ಎರಡು ಭಾಗಕ್ಕೆ ಹಬ್ಬಿದ್ದರೆ 2, ಅದನ್ನೂ ದಾಟಿದ್ದರೆ 3. ಒಂದನೇ ದರ್ಜೆಯದು ಬಹುಪಾಲು ತಾನಾಗಿಯೇ ಹೋಗಿಬಿಡುತ್ತದೆ. ಕಾದು ನೋಡಿದರೆ ಸಾಕು. ಮೇಲಿನೆರಡು ಹಾಗಲ್ಲ. ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ ಸುಮಾರು 2ರಿಂದ 12 ಮಂದಿಗೆ ಅದು ಕ್ಯಾನ್ಸರಿಗೆ ತಿರುಗಿದ್ದನ್ನು ಬೇರೆ ಬೇರೆ ಅಧ್ಯಯನಗಳು ದಾಖಲಿಸಿವೆ. ಲೇಸರ್, ಮುಲಾಮು, ಶಸ್ತ್ರಚಿಕಿತ್ಸೆ ಯಾವುದೇ ಆಗಲಿ, ಆಮೇಲೂ ವರ್ಷಗಟ್ಟಲೆ ತೋರಿಸಿಕೊಳ್ಳುತ್ತಿರಬೇಕು ಎನ್ನುವುದು ಇದಕ್ಕೇ.

ಸಾಮಾನ್ಯವಾಗಿ ನೋವಿಲ್ಲ, ರಕ್ತವಿಲ್ಲ, ತುರಿಕೆಯೂ ಇಲ್ಲ. ಹೆಚ್ಚಾಗಿ ಕಾಣಿಸುವುದು ಯೋನಿಯ ಮೇಲಿನ ಮೂರನೇ ಒಂದು ಭಾಗದಲ್ಲಿ, ಅದೂ ಒಂದೇ ಕಡೆ ಅಲ್ಲ, ಅಲ್ಲಲ್ಲಿ.

ಪತ್ತೆಗೆ ಬಳಸುವ ಒಂದು ವಸ್ತು ಅಯೋಡಿನ್. ಆರೋಗ್ಯವಂತ ಪದರದಲ್ಲಿ ಗ್ಲೈಕೋಜನ್ ಇರುವುದರಿಂದ ಅಯೋಡಿನ್ ಹಚ್ಚಿದರೆ ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಜಾಗ ಸಾಸಿವೆ ಹಳದಿಯಾಗಿಯೇ ಉಳಿಯುತ್ತದೆ. ವಿಯೆನ್ನಾದ ವಾಲ್ಟರ್ ಶಿಲ್ಲರ್ ಕಂಡುಕೊಂಡ ಈ ಉಪಾಯಕ್ಕೆ ನೂರು ವರ್ಷ ತುಂಬುತ್ತ ಬಂತು. ಭೂತಗನ್ನಡಿಯಂಥ ಕಾಲ್ಪೋಸ್ಕೋಪಿನ ಜೊತೆ ವೈದ್ಯರು ಈಗಲೂ ಅದನ್ನೇ ನೆಚ್ಚಿದ್ದಾರೆ.

ಈ ಬದಲಾವಣೆಗೆ ಕಾರಣ? ಗರ್ಭಕಂಠದ ಕ್ಯಾನ್ಸರ್ ತರುವ ಅದೇ ವೈರಸ್, ಎಚ್‌ಪಿವಿ, ಅದರಲ್ಲೂ 16ನೇ ಬಗೆ. ಗರ್ಭಕಂಠದ ಕ್ಯಾನ್ಸರಿನೊಂದಿಗೆ ಅದರ ನಂಟನ್ನು ತೋರಿಸಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ ತಡೆಗೆ ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವವ್ಯಾಕ್ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಲಸಿಕೆ ಮುಂದೆ ಬರುವುದನ್ನು ತಡೆಯುತ್ತದೆ, ಆಗಲೇ ಇರುವ ಮಚ್ಚೆಯನ್ನು ಅಳಿಸುವುದಿಲ್ಲ. ಹಾಗಾಗಿ ಅದು ಅಜ್ಜಿಗಿಂತ ಮೊಮ್ಮಗಳಿಗೆ ಬೇಕು. ಧೂಮಪಾನ, ಎಚ್‌ಐವಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಗಳೂ ಅಪಾಯ ಹೆಚ್ಚಿಸುತ್ತವೆ.

ಹೆಂಗಸರ ಜನನಾಂಗದ ಕ್ಯಾನ್ಸರುಗಳಲ್ಲಿ ಯೋನಿಯದು ನೂರಕ್ಕೆ 1–2ರಷ್ಟೇ. ಬೆಂಗಳೂರಿನ ಕ್ಯಾನ್ಸರ್ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ 1982ರಿಂದ ಇಡುತ್ತ ಬಂದಿದೆ. ಆಗ ಇಲ್ಲಿನ ಹೆಂಗಸರಲ್ಲಿ ಮುಂದಿದ್ದದ್ದು ಗರ್ಭಕಂಠದ ಕ್ಯಾನ್ಸರ್, ಈಗ ಸ್ತನದ್ದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30–49ರ ವಯಸ್ಸಿನವರ ಪೈಕಿ ಒಮ್ಮೆಯಾದರೂ ಗರ್ಭಕಂಠ ಪರೀಕ್ಷೆ ಮಾಡಿಸಿದವರು ನೂರಕ್ಕೆ ಇಬ್ಬರೂ ಇಲ್ಲ. ನಾಚಿಕೆಯೊಂದೇ ಕಾರಣ ಅನ್ನುವುದು ನಮಗೆ ಸಲೀಸು. ಕರೆದು ಕೇಳಿದವರಾದರೂ ಎಷ್ಟು ಜನ?

ಪರೀಕ್ಷೆಗೆ ಇಷ್ಟು ಬರ, ಆಪರೇಷನ್ನಿಗೆ ಮಾತ್ರ ಬರವಿಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ, ಚಿಕ್ಕ ವಯಸ್ಸಿನಲ್ಲೇ, ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಆರೋಪ ರಾಜ್ಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂಥ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು.

ಹಾಗಾದರೆ ಗರ್ಭಕೋಶ ತೆಗೆಸಿದವರೆಲ್ಲ ಪ್ಯಾಪ್ ಪರೀಕ್ಷೆಗೆ ಓಡಬೇಕೇ? ಬೇಡ. ಕ್ಯಾನ್ಸರ್ ಅಲ್ಲದ ಗಡ್ಡೆಗೋ ಅತಿಸ್ರಾವಕ್ಕೋ ಗರ್ಭಕಂಠ ಸಮೇತ ತೆಗೆಸಿದ್ದು, ಹಿಂದೆಂದೂ ಗರ್ಭಕಂಠದಲ್ಲಿ ಗಂಭೀರ ಬದಲಾವಣೆ ಕಂಡಿಲ್ಲದಿದ್ದರೆ ಅದರ ಅಗತ್ಯವಿಲ್ಲ. ಕ್ಯಾನ್ಸರಿಗೆ ಮುಂಚಿನ ಬದಲಾವಣೆಗೆಂದೇ ತೆಗೆಸಿದ್ದರೆ ಮಾತು ಬೇರೆ: ಕನಿಷ್ಠ 25 ವರ್ಷ ಪರೀಕ್ಷೆ ಮುಂದುವರಿಸಬೇಕು ಎನ್ನುತ್ತವೆ ಅಮೆರಿಕದ ಮಾರ್ಗಸೂಚಿಗಳು. ಇನ್ನು ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಯಾವ ಲೆಕ್ಕಾಚಾರವೂ ಬೇಡ, ತಕ್ಷಣ ತೋರಿಸಿ. ಮಾರೇನಹಳ್ಳಿಯ ಇಎಸ್‌ಐ ಕಾರ್ಡುದಾರರಿಗೆ ರಾಜಾಜಿನಗರದ ಆಸ್ಪತ್ರೆ ದೂರವೇನಲ್ಲ.

ನಿಮ್ಮ ಅಮ್ಮನದೋ ಅತ್ತೆಯದೋ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟು ಎರಡನ್ನೂ ಹುಡುಕಿ. ಯಾಕೆ ತೆಗೆದರು ಎಂಬುದು ಅವುಗಳಲ್ಲಿರುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ.