ಹೃದಯದ ನ್ಯೂಕ್ಲಿಯರ್ ಸ್ಕ್ಯಾನ್: ನಡೆಸುವ ಅರ್ಹತೆ ಯಾರಿಗಿದೆ?

ಕುಂದಲಹಳ್ಳಿ, ವೈಟ್‌ಫೀಲ್ಡ್ ಭಾಗದ ಆಸ್ಪತ್ರೆಗಳಿಗೆ ಸುತ್ತಲಿನ ಗ್ರಾಮಗಳ ಹೃದ್ರೋಗಿಗಳು ಹೋಗುವುದು ಸಾಮಾನ್ಯ. ಅವರಲ್ಲಿ ಕೆಲವರಿಗೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಲು ವೈದ್ಯರು ಸೂಚಿಸುತ್ತಾರೆ. ಹೆಸರು ಕೇಳಿ ಹೆದರಿ ಪರೀಕ್ಷೆಯನ್ನು ಕೈಬಿಡುವುದಾಗಲಿ, ಏನನ್ನೂ ವಿಚಾರಿಸದೆ ಒಪ್ಪುವುದಾಗಲಿ ಸೂಕ್ತವಲ್ಲ. ಆದುದರಿಂದ ಈ ಮಾಹಿತಿಯನ್ನು ಸದಸ್ಯರ ಗಮನಕ್ಕೆ ತರಲಾಗಿದೆ.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವುಳ್ಳ ಔಷಧವನ್ನು ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಹೃದಯದ ಸ್ನಾಯುವಿನ ಯಾವ ಭಾಗಕ್ಕೆ ರಕ್ತ ಕಡಿಮೆ ಹರಿಯುತ್ತಿದೆ ಎಂಬುದನ್ನು ಗಾಮಾ ಕ್ಯಾಮೆರಾ ತೋರಿಸುತ್ತದೆ. ಈ ವಸ್ತುವಿನ ವಿಕಿರಣವು ಪ್ರತಿ 6 ಗಂಟೆಗೆ ಅರ್ಧದಷ್ಟು ಕುಗ್ಗುತ್ತದೆ. ಎಕ್ಸ್‌ರೇ ಯಂತ್ರವನ್ನು ನಿಲ್ಲಿಸಿದೊಡನೆ ವಿಕಿರಣವೂ ನಿಲ್ಲುತ್ತದೆ. ಇಲ್ಲಿ ವಿಕಿರಣದ ಮೂಲವೇ ಕೆಲಕಾಲ ರೋಗಿಯ ದೇಹದಲ್ಲಿರುತ್ತದೆ. ಆದ್ದರಿಂದಲೇ ನಿಯಮಗಳು ಬಿಗಿಯಾಗಿವೆ.

ವಿಕಿರಣ ರಕ್ಷಣಾ ನಿಯಮಗಳು, 2004ರ ಪ್ರಕಾರ ಇಂತಹ ಕೇಂದ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ. 1983ರಲ್ಲಿ ಸ್ಥಾಪಿತವಾದ ಈ ಮಂಡಳಿಯು ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಅರ್ಹತೆ ಪಡೆದ ವೈದ್ಯರು, ತರಬೇತಾದ ತಂತ್ರಜ್ಞರು ಮತ್ತು ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕೆಂದು ವಿಧಿಸುತ್ತದೆ. ಅಮೆರಿಕದಲ್ಲಿ ಹೃದ್ರೋಗ ತಜ್ಞರು ಸಹ 700 ಗಂಟೆಗಳ ತರಬೇತಿ ಮತ್ತು ಅನುಭವ ಪಡೆದು ಈ ಕಾರ್ಯಕ್ಕೆ ಅಧಿಕಾರ ಪಡೆಯಬಹುದು. ಅಲ್ಲಿಯೂ ಹೃದ್ರೋಗ ತಜ್ಞತೆಯೊಂದೇ ಸಾಲದು ಎಂಬುದು ಗಮನಾರ್ಹ.

ಇದಲ್ಲದೆ ವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿರಬೇಕು. ಖಾಸಗಿ ಸಂಸ್ಥೆಯು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಾಯಿತವಾಗಿರಬೇಕು ಹಾಗೂ ಚಿಕಿತ್ಸಾ ದರಗಳನ್ನು ಪ್ರದರ್ಶಿಸಬೇಕು.

ಸದಸ್ಯರು ಗ್ರಾಮಸಭೆಯಲ್ಲಿ ಹಾಗೂ ಗ್ರಾಮ ಆರೋಗ್ಯ ಸಮಿತಿಯಲ್ಲಿ ಈ ಕೆಳಗಿನ ಅಂಶಗಳನ್ನು ತಿಳಿಸತಕ್ಕದ್ದು:

1. ಕೇಂದ್ರಕ್ಕೆ ಮಂಡಳಿಯ ಪರವಾನಗಿ ಇದೆಯೇ, ವರದಿಗೆ ಸಹಿ ಮಾಡುವ ವೈದ್ಯರ ಅರ್ಹತೆ ಏನು ಎಂದು ಕೇಳುವುದು ರೋಗಿಯ ಹಕ್ಕು.

2. ಗರ್ಭಿಣಿಯರು, ಗರ್ಭಧಾರಣೆಯ ಸಂಶಯವಿರುವವರು ಮತ್ತು ಹಾಲುಣಿಸುವ ತಾಯಂದಿರು ಚುಚ್ಚುಮದ್ದಿಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

3. ಸಂಸ್ಥೆಯ ವಿರುದ್ಧದ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೂ, ವೈದ್ಯರ ವೃತ್ತಿ ನಡತೆಯ ಕುರಿತ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ವಿಕಿರಣ ಸುರಕ್ಷತೆಯ ಲೋಪವನ್ನು ಮಂಡಳಿಗೂ ಸಲ್ಲಿಸಬಹುದು.

ಎದೆನೋವು ಕಾಣಿಸಿಕೊಂಡಾಗ ಮಾತ್ರ ಈ ವಿಚಾರಣೆಗಳಿಗಾಗಿ ಕಾಯದೆ ರೋಗಿಯನ್ನು ತಕ್ಷಣ ಸಮೀಪದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.