ಗುಂಡು ಹಾರದ ದೃಶ್ಯಗಳು

ಯಾವ ಗೆಳೆಯರ ಗುಂಪನ್ನಾದರೂ ಕೇಳಿ ನೋಡಿ, ‘ಯುದ್ಧದ ಸಿನಿಮಾಗಳಲ್ಲಿ ನಿಮಗೆ ಮರೆಯಲಾಗದ ದೃಶ್ಯ ಯಾವುದು?’ ಅಂತ. ಒಬ್ಬ ‘ಉರಿ’ ಚಿತ್ರದ ಜೋಶ್ ಡೈಲಾಗ್ ಹೇಳುತ್ತಾನೆ. ಇನ್ನೊಬ್ಬನಿಗೆ ‘ಬಾರ್ಡರ್’ನಲ್ಲಿ ಟ್ಯಾಂಕುಗಳ ಎದುರು ಗರ್ಜಿಸುವ ಸನ್ನಿ ಡಿಯೋಲ್ ನೆನಪಾಗುತ್ತಾನೆ. ಇಂಗ್ಲಿಷ್ ಸಿನಿಮಾ ನೋಡುವವನಿದ್ದರೆ ‘ಸೇವಿಂಗ್ ಪ್ರೈವೇಟ್ ರಯಾನ್’ನ ಮೊದಲ ಅರ್ಧ ತಾಸು ಅನ್ನುತ್ತಾನೆ. ಇವನ್ನೆಲ್ಲ ನೋಡಿ ನಾನೂ ಸೀಟಿ ಹೊಡೆದವನೇ. ಆದರೆ ಈಚೆಗೆ ನನ್ನ ಮೆಚ್ಚಿನ ದೃಶ್ಯಗಳನ್ನು ಒಂದು ಹಾಳೆಯ ಮೇಲೆ ಬರೆಯುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಆ ಪಟ್ಟಿಯ ಹೆಚ್ಚಿನ ದೃಶ್ಯಗಳಲ್ಲಿ ಒಂದೇ ಒಂದು ಗುಂಡು ಕೂಡ ಹಾರುವುದಿಲ್ಲ.

ನನಗಿದು ಬರೀ ಸಿನಿಮಾ ಹರಟೆಯಲ್ಲ. ನನ್ನ ತಮ್ಮ ಸೇನೆಗೆ ಸೇರಲು ತಯಾರಿ ನಡೆಸಿದ್ದಾನೆ. ನಮ್ಮದು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದಕ್ಕೋ ಏನೋ, ಈ ಕಡೆಯ ಹುಡುಗರಿಗೆ ಮಿಲಿಟರಿಯ ಸೆಳೆತ ಜಾಸ್ತಿ. ಬೆಳಗಿನ ಐದಕ್ಕೇ ಕಾಲುವೆ ದಂಡೆಯ ಮೇಲೆ ಹತ್ತು ಹನ್ನೆರಡು ಹುಡುಗರು ಓಡುತ್ತಿರುತ್ತಾರೆ. 1,600 ಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿ ಗುಂಡಿ ಹಾರುವುದು, ಎಲ್ಲ ನಡೆಯುತ್ತದೆ. ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಒಂದು ಯುದ್ಧದ ಸಿನಿಮಾ ನೋಡುವುದು ನಮ್ಮಿಬ್ಬರ ರೂಢಿ. ಆಮೇಲೆ ವಾದ ಇದ್ದದ್ದೇ.

ತಮ್ಮನ ಮೆಚ್ಚಿನದು ‘ಸೇವಿಂಗ್ ಪ್ರೈವೇಟ್ ರಯಾನ್’. ಸ್ಟೀವನ್ ಸ್ಪಿಲ್‌ಬರ್ಗ್ 1998ರಲ್ಲಿ ತೆಗೆದ ಸಿನಿಮಾ. 1944ರ ಜೂನ್ 6ರಂದು ಅಮೆರಿಕದ ಸೈನಿಕರು ಫ್ರಾನ್ಸ್‌ನ ಒಮಾಹಾ ಕಡಲತೀರದಲ್ಲಿ ಇಳಿಯುವ ದೃಶ್ಯ ಬಂದರೆ ತಮ್ಮ ಉಸಿರು ಬಿಗಿಹಿಡಿದು ಕೂರುತ್ತಾನೆ. ನಾನು ಕಾಯುವುದು ಅದಾದ ಮೇಲಿನ ಮೂರು ನಿಮಿಷಕ್ಕೆ. ಒಂದು ಕಚೇರಿಯಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳು ಸತ್ತ ಸೈನಿಕರ ಮನೆಗಳಿಗೆ ಪತ್ರ ಟೈಪ್ ಮಾಡುತ್ತಿರುತ್ತಾರೆ. ಒಬ್ಬಳ ಕೈ ನಿಲ್ಲುತ್ತದೆ. ಮೂರು ಪತ್ರಗಳು ಒಬ್ಬಳೇ ತಾಯಿಗೆ ಹೋಗಬೇಕಿವೆ. ಮುಂದಿನ ದೃಶ್ಯದಲ್ಲಿ ಹೊಲಗಳ ನಡುವಿನ ಒಂಟಿ ಮನೆ, ಪಾತ್ರೆ ತೊಳೆಯುತ್ತಿರುವ ತಾಯಿ. ಕಿಟಕಿಯಾಚೆ ದೂರದ ರಸ್ತೆಯಲ್ಲಿ ಧೂಳೆಬ್ಬಿಸುತ್ತಾ ಒಂದು ಕಾರು ಬರುತ್ತದೆ. ಆಕೆ ಬಾಗಿಲಿಗೆ ಬರುತ್ತಾಳೆ. ಕಾರಿನಿಂದ ಮೊದಲು ಅಧಿಕಾರಿ, ಅವನ ಹಿಂದೆ ಪಾದ್ರಿ ಇಳಿಯುತ್ತಾರೆ. ತಾಯಿ ನಿಂತಲ್ಲೇ ಕುಸಿದು ಕೂರುತ್ತಾಳೆ. ಆ ಮನೆಯ ದೃಶ್ಯದಲ್ಲಿ ಯಾರೂ ಮಾತಾಡುವುದಿಲ್ಲ. ತಾಯಿಯ ಮುಖವನ್ನೂ ಸರಿಯಾಗಿ ತೋರಿಸುವುದಿಲ್ಲ.

ಒಮ್ಮೆ ಈ ದೃಶ್ಯ ಬಂದಾಗ ಅವ್ವ ರೊಟ್ಟಿ ಬಡಿಯುವುದು ಮುಗಿಸಿ ನಮ್ಮ ಹಿಂದೆ ಬಂದು ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಕತೆಯೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ‘ಕಾರು ಕಾಣೂದ್ರಾಗನ ಆಕಿಗೆ ಗೊತ್ತಾತು ನೋಡು’ ಅಂದು ಒಳಗೆ ಹೋದಳು. ತಮ್ಮ ಸಿನಿಮಾ ನಿಲ್ಲಿಸಿದ. ಆ ರಾತ್ರಿ ಉಳಿದ ಭಾಗ ನೋಡಲಿಲ್ಲ.

ನಮ್ಮಂಥ ವಿದ್ಯಾರ್ಥಿಗಳು ನೋಡಲೇಬೇಕಾದ ಇನ್ನೊಂದು ಸಿನಿಮಾ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ಜರ್ಮನ್ ಲೇಖಕ ಎರಿಕ್ ಮರಿಯಾ ರೆಮಾರ್ಕ್ ಅವರ ಕಾದಂಬರಿಯನ್ನು ಲೂಯಿಸ್ ಮೈಲ್‌ಸ್ಟೋನ್ 1930ರಲ್ಲಿ ತೆರೆಗೆ ತಂದರು. ಅದು ಶುರುವಾಗುವುದೇ ಕ್ಲಾಸ್‌ರೂಮಿನಲ್ಲಿ. ಕಿಟಕಿಯಾಚೆ ಬೀದಿಯಲ್ಲಿ ಸೈನಿಕರ ಮೆರವಣಿಗೆ. ಒಳಗೆ ಮೇಷ್ಟ್ರು ಪಾಠ ಬಿಟ್ಟು ದೇಶಕ್ಕಾಗಿ ಹೋಗಿ ಎಂದು ಹುರಿದುಂಬಿಸುತ್ತಾರೆ. ಹುಡುಗರು ಪುಸ್ತಕ, ಹಾಳೆ ಎಲ್ಲ ತೂರಿ ಹಾಡುತ್ತಾ ಹೊರಡುತ್ತಾರೆ. ಸಿನಿಮಾದ ಕೊನೆಯ ಭಾಗದಲ್ಲಿ ಅವರಲ್ಲೊಬ್ಬ, ಪಾಲ್, ರಜೆಯ ಮೇಲೆ ಊರಿಗೆ ಬಂದು ಅದೇ ಕ್ಲಾಸಿಗೆ ಹೋಗುತ್ತಾನೆ. ಅದೇ ಮೇಷ್ಟ್ರು, ಅದೇ ಭಾಷಣ, ಬೆಂಚಿನಲ್ಲಿ ಮಾತ್ರ ಇನ್ನೂ ಚಿಕ್ಕ ಹುಡುಗರು. ಇವರಿಗೆ ನಿನ್ನ ಪರಾಕ್ರಮ ಹೇಳು ಎನ್ನುತ್ತಾರೆ ಮೇಷ್ಟ್ರು. ಪಾಲ್ ತಾನು ಕಂಡದ್ದನ್ನು ಇದ್ದ ಹಾಗೇ ಹೇಳುತ್ತಾನೆ. ಹುಡುಗರು ಅವನನ್ನೇ ಹೇಡಿ ಎಂದು ಕೂಗುತ್ತಾರೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಆ ಮಕ್ಕಳ ಕೂಗು.

ಅದೇ ಚಿತ್ರದಲ್ಲಿ ಒಂದು ಜೊತೆ ಬೂಟಿನ ಕತೆಯಿದೆ. ಕಾಲು ಕತ್ತರಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ ಗೆಳೆಯನ ಬಳಿ ಒಳ್ಳೆಯ ಬೂಟುಗಳಿವೆ. ಅವನಿಗೆ ಇನ್ನು ಬೇಕಿಲ್ಲ, ನನಗೆ ಕೊಡಲಿ ಎನ್ನುತ್ತಾನೆ ಇನ್ನೊಬ್ಬ. ಕೇಳಿದವನು ಕೆಟ್ಟವನಲ್ಲ, ಅವನ ಬೂಟು ಹರಿದಿದೆ ಅಷ್ಟೆ. ಅವನು ಆ ಬೂಟು ತೊಟ್ಟು ಖುಷಿಯಿಂದ ನಡೆಯುತ್ತಾನೆ, ಸಾಯುತ್ತಾನೆ. ಬೂಟು ಮತ್ತೊಬ್ಬನಿಗೆ ಸಿಗುತ್ತದೆ, ಅವನೂ ಸಾಯುತ್ತಾನೆ. ತೆರೆಯ ಮೇಲೆ ಕಾಣುವುದು ಬರೀ ಕಾಲುಗಳು. ತಮ್ಮ ಇದನ್ನು ನೋಡಿದ್ದು ಹೊಸ ರನ್ನಿಂಗ್ ಶೂ ತಂದ ವಾರ. ‘ಇಂಥಾದೆಲ್ಲ ಎಲ್ಲಿಂದ ಹುಡುಕಿ ತರ್ತೀಯೋ ಅಣ್ಣಾ’ ಎಂದು ಬೈದ.

ಪಾಲ್ ಒಂದು ಗುಂಡಿಯಲ್ಲಿ ಅಡಗಿ ಕೂತಾಗ ಶತ್ರು ಪಡೆಯ ಫ್ರೆಂಚ್ ಸೈನಿಕನೊಬ್ಬ ಅದರೊಳಕ್ಕೆ ಹಾರುತ್ತಾನೆ. ಪಾಲ್ ಹೆದರಿ ಇರಿಯುತ್ತಾನೆ. ಆದರೆ ಅವನು ಕೂಡಲೇ ಸಾಯುವುದಿಲ್ಲ. ರಾತ್ರಿಯಿಡೀ ಇಬ್ಬರೂ ಆ ಗುಂಡಿಯಲ್ಲಿ. ಇರಿದವನೇ ನೀರು ಕುಡಿಸುತ್ತಾನೆ, ಬದುಕಿಸಲು ನೋಡುತ್ತಾನೆ, ಸತ್ತ ಮೇಲೆ ಕ್ಷಮೆ ಬೇಡುತ್ತಾನೆ. ಸತ್ತವನ ಜೇಬಿನಲ್ಲಿ ಹೆಂಡತಿ, ಮಗಳ ಫೋಟೊ ಸಿಗುತ್ತದೆ. ಈ ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಬರ್ಲಿನ್‌ನಲ್ಲಿ 1930ರ ಡಿಸೆಂಬರಿನಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಇಲಿ ಬಿಟ್ಟು ಪ್ರದರ್ಶನ ಕೆಡಿಸಿದರು. ಕೆಲವೇ ದಿನಗಳಲ್ಲಿ ಅಲ್ಲಿ ಚಿತ್ರವೇ ನಿಷೇಧವಾಯಿತು. ಶತ್ರುವಿಗೂ ಮನೆಯಿದೆ ಎಂದು ತೋರಿಸುವ ಒಂದು ಫೋಟೊಗೆ ಅವರು ಅಷ್ಟು ಹೆದರಿದ್ದರು!

ಮೂರನೆಯದು ಸ್ಟ್ಯಾನ್ಲಿ ಕುಬ್ರಿಕ್ ಅವರ ‘ಪಾತ್ಸ್ ಆಫ್ ಗ್ಲೋರಿ’, 1957ರದು. ಮೊದಲ ಮಹಾಯುದ್ಧದಲ್ಲಿ ಗೆಲ್ಲಲಾಗದ ಗುಡ್ಡವೊಂದರ ಮೇಲೆ ದಾಳಿ ಮಾಡಲು ಫ್ರೆಂಚ್ ಜನರಲ್ ಹುಕುಂ ಮಾಡುತ್ತಾನೆ. ದಾಳಿ ಸೋಲುತ್ತದೆ. ಹೇಡಿತನದ ಆರೋಪ ಹೊರಿಸಿ ತಮ್ಮದೇ ಮೂವರು ಸೈನಿಕರನ್ನು ಗುಂಡಿಟ್ಟು ಕೊಲ್ಲುತ್ತಾರೆ. ಇಷ್ಟಾದ ಮೇಲೆ ಕೊನೆಯಲ್ಲಿ ಒಂದು ಹೆಂಡದಂಗಡಿ. ದಣಿದ ಸೈನಿಕರ ಮುಂದೆ ಸೆರೆಸಿಕ್ಕ ಒಬ್ಬ ಜರ್ಮನ್ ಹುಡುಗಿಯನ್ನು ತಂದು ಹಾಡು ಅನ್ನುತ್ತಾರೆ. ಸಿಳ್ಳೆ, ಕೇಕೆ, ಗೇಲಿ. ಅವಳು ಅಳುತ್ತಲೇ ಸೈನಿಕನೊಬ್ಬನ ಪ್ರೀತಿಯ ಜನಪದ ಹಾಡೊಂದನ್ನು ಜರ್ಮನ್ ಭಾಷೆಯಲ್ಲಿ ಹಾಡುತ್ತಾಳೆ. ಗಲಾಟೆ ನಿಧಾನಕ್ಕೆ ಅಡಗುತ್ತದೆ. ಗಡ್ಡ ಬಂದ ಗಂಡಸರು, ಮೀಸೆ ಚಿಗುರದ ಹುಡುಗರು, ಒಬ್ಬೊಬ್ಬರೇ ಅವಳ ಜೊತೆ ಗುನುಗುತ್ತಾರೆ. ಕಣ್ಣೀರು ಇಳಿಯುತ್ತದೆ. ಹೊರಗೆ ನಿಂತು ಕೇಳುವ ಕರ್ನಲ್‌ಗೆ ತುಕಡಿ ಮತ್ತೆ ಯುದ್ಧಕ್ಕೆ ಹೊರಡಬೇಕೆಂಬ ಆದೇಶ ಬಂದಿದೆ. ಇನ್ನೂ ಕೆಲವು ನಿಮಿಷ ಇರಲಿ ಬಿಡಿ ಎನ್ನುತ್ತಾನೆ ಅವನು. ಆ ಕೆಲವು ನಿಮಿಷಗಳೇ ಇಡೀ ಸಿನಿಮಾದಲ್ಲಿ ಆ ಸೈನಿಕರಿಗೆ ಸಿಗುವ ದೊಡ್ಡ ಉಡುಗೊರೆ. ಫ್ರಾನ್ಸ್‌ನಲ್ಲಿ ಈ ಚಿತ್ರದ ಪ್ರದರ್ಶನಕ್ಕೆ 1975ರವರೆಗೆ ಕಾಯಬೇಕಾಯಿತು.

ಇನ್ನು ಪತ್ರಗಳ ದೃಶ್ಯಗಳು. ‘ಲೆಟರ್ಸ್ ಫ್ರಮ್ ಇವೊ ಜಿಮಾ’ 2006ರಲ್ಲಿ ಬಂತು. ತೆಗೆದದ್ದು ಅಮೆರಿಕದ ಕ್ಲಿಂಟ್ ಈಸ್ಟ್‌ವುಡ್, ಆದರೆ ಕತೆ ಜಪಾನಿ ಸೈನಿಕರದು, ಮಾತೂ ಬಹುಪಾಲು ಜಪಾನಿ. 1932ರ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಚಿನ್ನ ಗೆದ್ದಿದ್ದ ನಿಶಿ ಎಂಬ ನಿಜವಾದ ಜಪಾನಿ ಅಧಿಕಾರಿಯ ಪಾತ್ರ ಇದರಲ್ಲಿದೆ. ಗಾಯಗೊಂಡು ಸೆರೆಸಿಕ್ಕ ಅಮೆರಿಕದ ಹುಡುಗನೊಬ್ಬನಿಗೆ ಅವನು ಚಿಕಿತ್ಸೆ ಕೊಡಿಸುತ್ತಾನೆ, ಇಂಗ್ಲಿಷಿನಲ್ಲಿ ಮಾತಾಡಿಸುತ್ತಾನೆ. ಹುಡುಗ ಉಳಿಯುವುದಿಲ್ಲ. ಅವನ ಬಳಿಯಿದ್ದ ತಾಯಿಯ ಪತ್ರವನ್ನು ನಿಶಿ ಗುಹೆಯಲ್ಲಿದ್ದ ತನ್ನ ಸೈನಿಕರಿಗೆ ಜಪಾನಿ ಭಾಷೆಯಲ್ಲಿ ಓದುತ್ತಾನೆ. ಅದರಲ್ಲಿ ದೊಡ್ಡ ಮಾತೇನಿಲ್ಲ. ನಾಯಿಗಳು ಬೇಲಿಯಡಿ ನೆಲ ಕೆದರಿದ ಸುದ್ದಿ, ಕ್ಷೇಮವಾಗಿ ಬಾ ಎಂಬ ಹಾರೈಕೆ. ಕೇಳುತ್ತಿದ್ದ ಸೈನಿಕರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ನಮ್ಮಮ್ಮನೂ ಹೀಗೇ ಬರೆದಿದ್ದಳಲ್ಲ ಎಂದು ಆಮೇಲೆ ಒಬ್ಬನಿಗೆ ಅನ್ನಿಸುತ್ತದೆ.

ನಮ್ಮ ಓಣಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ತಮ್ಮನ ಓಟಕ್ಕೆ ಗಡಿಯಾರ ಹಿಡಿಯುವವರು ಅವರೇ. ಈ ದೃಶ್ಯ ನೋಡಿ ಅವರು ಹೇಳಿದ್ದು: ‘ನಮ್ಮ ಕಾಲದಾಗ ಪತ್ರ ಬಂದ್ರ ಓದೂಕಿಂತ ಮೊದಲ ಮೂಸಿ ನೋಡ್ತಿದ್ವಿ. ಒಲಿ ಮುಂದ ಕುಂತು ಬರಸಿದ್ರ ಹೊಗಿ ವಾಸನಿ ಇರ್ತಿತ್ತು.’ ಅಂದಿನಿಂದ ‘ಬಾರ್ಡರ್’ನಲ್ಲಿ ಊರಿನಿಂದ ಪತ್ರಗಳು ಬರುವ ಆ ಹಾಡನ್ನು ನಾನು ಬೇರೆಯೇ ಕಿವಿಯಿಂದ ಕೇಳುತ್ತೇನೆ. ಜೆ.ಪಿ. ದತ್ತಾ 1971ರ ಲೋಂಗೆವಾಲಾ ಕದನದ ಮೇಲೆ 1997ರಲ್ಲಿ ಮಾಡಿದ ಈ ಸಿನಿಮಾದ ಕೊನೆಯ ಹಾಡನ್ನೂ ಎದ್ದು ಹೋಗದೆ ಕೇಳಿ. ಗೆದ್ದ ಮೇಲೆ ಬರುವ ಆ ಹಾಡು ಶತ್ರುವನ್ನೂ ಅಣ್ಣತಮ್ಮ ಎಂದು ಕರೆಯುತ್ತದೆ. ಅಷ್ಟೊಂದು ಗರ್ಜನೆಯ ಸಿನಿಮಾ ಹಾಗೆ ಮುಗಿಯುವುದು ಎಷ್ಟು ಜನರಿಗೆ ನೆನಪಿದೆ?

‘ಉರಿ’ಯಲ್ಲೂ ನನಗೆ ಉಳಿದದ್ದು ಜೋಶ್ ಡೈಲಾಗ್ ಅಲ್ಲ. ಹುತಾತ್ಮನಾದ ತಂದೆಯ ದೇಹದ ಮುಂದೆ ಪುಟ್ಟ ಮಗಳು ಅಳುತ್ತಲೇ ಅವನ ಪಡೆಯ ಯುದ್ಧಘೋಷ ಕೂಗುವ ದೃಶ್ಯ. ಕಾಶ್ಮೀರದಲ್ಲಿ ಮಡಿದ ಕರ್ನಲ್ ಎಂ.ಎನ್. ರಾಯ್ ಅವರ ಅಂತ್ಯಸಂಸ್ಕಾರದಲ್ಲಿ ಅವರ ಮಗಳು ಹೀಗೆ ಕೂಗಿದ್ದನ್ನು 2015ರಲ್ಲಿ ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಕನ್ನಡದ ‘ಮುತ್ತಿನ ಹಾರ’ವನ್ನು ಅವ್ವ ಇಂದಿಗೂ ಬಿಡದೆ ನೋಡುವುದು ಕೂಡ ಯುದ್ಧಕ್ಕಾಗಿ ಅಲ್ಲ. ರಾಜೇಂದ್ರಸಿಂಗ್ ಬಾಬು 1990ರಲ್ಲಿ ಮಾಡಿದ ಆ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ಅವನ ಹೆಂಡತಿ. ಯುದ್ಧ ಯುದ್ಧಗಳ ನಡುವೆ ಸಿಕ್ಕಷ್ಟು ದಿನ ಸಂಸಾರ ಮಾಡುವ ಆ ಜೋಡಿಯನ್ನು ನೋಡಲು ಅವಳು ಕೂರುತ್ತಾಳೆ.

ಇದನ್ನೆಲ್ಲ ಬರೆದದ್ದಕ್ಕೆ ‘ತಮ್ಮನನ್ನು ಹೋಗಬೇಡ ಅಂತೀಯಾ?’ ಎಂದು ಯಾರಾದರೂ ಕೇಳಬಹುದು. ಇಲ್ಲ. ಅವನಿಗೆ ಸಮವಸ್ತ್ರದ ಮೇಲೆ ನಿಜವಾದ ಪ್ರೀತಿಯಿದೆ, ಮನೆಗೆ ಸಂಬಳದ ಅಗತ್ಯವೂ ಇದೆ. ಅಗ್ನಿವೀರನಾದರೆ ಮೊದಲಿಗೆ ನಾಲ್ಕು ವರ್ಷ. ಆ ಲೆಕ್ಕವನ್ನು ಇಬ್ಬರೂ ಕೂತು ಹಾಕಿದ್ದೇವೆ. ನನ್ನ ಆಸೆ ಇಷ್ಟೇ, ಮೆರವಣಿಗೆ ನೋಡಿ ಪುಸ್ತಕ ತೂರಿದ ಆ ಹುಡುಗರಂತೆ ಅವನು ಹೋಗಬಾರದು. ಪತ್ರ ಟೈಪ್ ಮಾಡುವ ಕೋಣೆ, ಕೈಯಿಂದ ಕೈಗೆ ಹೋಗುವ ಬೂಟು, ಗುಂಡಿಯಲ್ಲಿ ಸಿಕ್ಕ ಫೋಟೊ, ಇವೂ ಆ ಕೆಲಸದಲ್ಲಿವೆ ಎಂದು ತಿಳಿದು ಹೋಗಲಿ. ಕಾಕಾ ಕೂಡ ಇದನ್ನೇ ಹೇಳುತ್ತಾರೆ. ಗೊತ್ತಿದ್ದು ಬಂದವನು ಗಟ್ಟಿಯಾಗಿ ನಿಲ್ಲುತ್ತಾನಂತೆ.

ಹೋದ ವರ್ಷದ ಭರ್ತಿ ರ‍್ಯಾಲಿಯಲ್ಲಿ ತಮ್ಮ ಓಟದಲ್ಲೇ ಹೊರಬಿದ್ದ. ಕೆಲವೇ ಸೆಕೆಂಡುಗಳ ಅಂತರ. ಊರಿಗೆ ಬಂದವನು ಒಂದು ವಾರ ಹಗಲು ಹೊರಗೆ ಬರಲಿಲ್ಲ. ಆಗ ನಾವು ನೋಡಿದ್ದು ಕ್ರಿಸ್ಟೋಫರ್ ನೋಲನ್ ಅವರ ‘ಡನ್‌ಕರ್ಕ್’, 2017ರದು. 1940ರಲ್ಲಿ ಜರ್ಮನ್ ಸೇನೆ ಸುತ್ತುವರಿದಾಗ ಫ್ರಾನ್ಸ್‌ನ ಆ ತೀರದಿಂದ 3.38 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಹಡಗು, ದೋಣಿಗಳಲ್ಲಿ ಪಾರು ಮಾಡಿದ ಕತೆ. ಅದು ಗೆಲುವಲ್ಲ, ಹಿಂದೆ ಸರಿದದ್ದು. ಇಂಗ್ಲೆಂಡಿಗೆ ಬಂದಿಳಿದ ಹುಡುಗರು ತಲೆ ತಗ್ಗಿಸಿ ನಡೆಯುತ್ತಾರೆ. ಅಲ್ಲೊಬ್ಬ ಮುದುಕ ಎಲ್ಲರಿಗೂ ಕಂಬಳಿ ಕೊಡುತ್ತಾ ಶಭಾಶ್ ಅನ್ನುತ್ತಿರುತ್ತಾನೆ. ನಾವು ಮಾಡಿದ್ದು ಜೀವ ಉಳಿಸಿಕೊಂಡದ್ದಷ್ಟೇ ಎನ್ನುತ್ತಾನೆ ಒಬ್ಬ ಹುಡುಗ. ಅಷ್ಟು ಸಾಕು ಎನ್ನುತ್ತಾನೆ ಮುದುಕ. ಆಮೇಲೆ ರೈಲಿನಲ್ಲಿ ಆ ಹುಡುಗ, ಅವನು ನಮ್ಮ ಮುಖವನ್ನೂ ನೋಡಲಿಲ್ಲ ಎಂದು ಕೊರಗುತ್ತಾನೆ. ಆದರೆ ಅವನ ಜೊತೆಗಾರನ ಮುಖವನ್ನು ಮುದುಕ ಕೈಯಿಂದ ಮುಟ್ಟಿ ನೋಡಿದ್ದನ್ನು ನಾವು ಕಂಡಿರುತ್ತೇವೆ. ಅವನು ಕುರುಡ.

ತಮ್ಮ ಆ ದೃಶ್ಯವನ್ನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದ. ಏನೂ ಹೇಳಲಿಲ್ಲ. ಮರುದಿನ ಐದಕ್ಕೆ ಕಾಲುವೆ ದಂಡೆಗೆ ಹೋದ. ನಾನೂ ಎರಡು ಪರೀಕ್ಷೆಗಳಲ್ಲಿ ಪಟ್ಟಿಯಿಂದ ಹೊರಗುಳಿದವನು. ಆ ಮುದುಕನ ಮಾತು ನನಗೂ ಬೇಕಿತ್ತು. ಫಲಿತಾಂಶದ ದಿನ ಫೋನ್ ಆಫ್ ಮಾಡಿ ಕೂರುವ ಎಲ್ಲ ಗೆಳೆಯರಿಗೂ ಬೇಕು ಅನ್ನಿಸುತ್ತದೆ.

ಮುಂದಿನ ರ‍್ಯಾಲಿಗೆ ನಾನೂ ಅವನ ಜೊತೆ ಹೋಗುತ್ತಿದ್ದೇನೆ. ಮೈದಾನದ ಹೊರಗೆ ರಾತ್ರಿಯಿಡೀ ಸರದಿಯಲ್ಲಿ ಕೂರಬೇಕಾಗುತ್ತದೆ. ದಾಖಲೆಗಳ ಫೈಲು, ಬಾಳೆಹಣ್ಣು, ನೀರಿನ ಬಾಟಲಿ ಅವನ ಬ್ಯಾಗಿನಲ್ಲಿರುತ್ತವೆ. ನನ್ನ ಬ್ಯಾಗಿನಲ್ಲಿ ಎರಡು ಕಂಬಳಿ ಇಟ್ಟುಕೊಳ್ಳುತ್ತೇನೆ.