ಫೋಟಾನುಗಳ ವ್ಯತಿಕರಣವೂ ವೈಶೇಷಿಕರ ‘ವಿಶೇಷ’ವೂ

ಹಿರಿಯೂರಿಗೆ ಸಮೀಪದ ವಾಣೀವಿಲಾಸ ಸಾಗರದಲ್ಲಿ ಗಾಳಿಯಿಲ್ಲದ ವೇಳೆ ಎರಡು ಕಲ್ಲುಗಳನ್ನು ಎಸೆದರೆ, ಅಲೆಗಳ ಏರು ಏರಿನೊಡನೆ ಕೂಡಿದೆಡೆ ನೀರು ಇಮ್ಮಡಿಯಾಗಿ ಏಳುವುದೂ, ಏರು ಇಳಿವಿನೊಡನೆ ಕೂಡಿದೆಡೆ ಸಮವಾಗುವುದೂ ಕಾಣುತ್ತದೆ. ಇದೇ ವ್ಯತಿಕರಣವು. ಬೆಳಕಿಗೂ ಈ ಧರ್ಮವುಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಬೆಳಕಿನ ಕಣಗಳು, ಎಂದರೆ ಫೋಟಾನುಗಳು, ಎರಡು ಕಲೆತಾಗ ನಡೆಯುವ ವ್ಯತಿಕರಣಕ್ಕೆ ಈ ದೃಷ್ಟಾಂತವು ಸಾಲದು.

೧೯೮೭ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಹಾಂಗ್, ಊ, ಮ್ಯಾಂಡೆಲ್ ಎಂಬ ಮೂವರು ಒಂದು ಪ್ರಯೋಗವನ್ನು ನಡೆಸಿದರು. ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹಾಯಗೊಟ್ಟು ಅರ್ಧವನ್ನು ಪ್ರತಿಫಲಿಸುವ ಕನ್ನಡಿಗೆ ಎರಡು ಪಕ್ಕಗಳಿಂದಲೂ ಒಂದೊಂದು ಫೋಟಾನು ಏಕಕಾಲದಲ್ಲಿ ಬರುತ್ತದೆ. ಅವು ಬೇರೆ ಬೇರೆ ಪಕ್ಕಗಳಿಗೆ ಹೊರಡಬೇಕಾದರೆ ಎರಡೇ ಬಗೆ: ಎರಡೂ ಹಾಯಬೇಕು, ಇಲ್ಲವೆ ಎರಡೂ ಪ್ರತಿಫಲಿಸಬೇಕು. ಬಣ್ಣ, ಕಂಪನದ ದಿಕ್ಕು, ಬಂದ ಕಾಲ ಇವೆಲ್ಲವೂ ಸಮವಾಗಿದ್ದರೆ ಈ ಎರಡು ಬಗೆಗಳ ಫಲದಲ್ಲಿ ಯಾವ ಭೇದವೂ ಉಳಿಯದು. ಆಗ ಸಂಭವಗಳನ್ನಲ್ಲ, ಸಂಭವಕ್ಕೆ ಮೂಲವಾಗಿ ಅಲೆಯಂತೆ ಏರಿಳಿತವುಳ್ಳ ಪರಿಮಾಣಗಳನ್ನು ಕೂಡಿಸಬೇಕು. ಎರಡು ಪ್ರತಿಫಲನಗಳು ಸೇರಿ ಧನವನ್ನು ಋಣವಾಗಿಸುವುದರಿಂದ ಒಂದು ಮತ್ತೊಂದನ್ನು ಅಳಿಸುತ್ತದೆ. ಫೋಟಾನುಗಳೆರಡೂ ಯಾವಾಗಲೂ ಜೊತೆಯಾಗಿ ಒಂದೇ ಪಕ್ಕಕ್ಕೆ ಹೊರಡುತ್ತವೆ. ಒಂದನ್ನು ಸಾಕಷ್ಟು ತಡೆದು ಕಳುಹಿಸಿದರೆ ಮಾತ್ರ, ಅರ್ಧಾಂಶ ಸಲ ಅವು ಅಗಲುತ್ತವೆ. ಇಲ್ಲಿ ವ್ಯತಿಕರಿಸುವುದು ಕಣದೊಡನೆ ಕಣವಲ್ಲ, ಘಟನೆಯೊಡನೆ ಘಟನೆ.

ಕಣಾದಮತದಲ್ಲಿ ಗುಣಗಳಿಂದ ಸಮವಾದ ಎರಡು ಪರಮಾಣುಗಳಿಗೂ ‘ವಿಶೇಷ’ವೆಂಬ ಪದಾರ್ಥವು ಪರಸ್ಪರ ಭೇದವನ್ನು ಕೊಡುತ್ತದೆ. ಫೋಟಾನಿಗೆ ಅಂಥ ವಿಶೇಷವಿದ್ದಿದ್ದರೆ ಮೇಲಿನ ಎರಡು ಬಗೆಗಳೂ ಭಿನ್ನಫಲಗಳಾಗಿ, ಅಳಿಸುವಿಕೆಯೇ ನಡೆಯುತ್ತಿರಲಿಲ್ಲ. ವಿಶೇಷವು ನಿತ್ಯದ್ರವ್ಯಗಳಿಗೆ ಮಾತ್ರವಷ್ಟೆ, ಫೋಟಾನು ಹುಟ್ಟಿ ಅಳಿಯುವುದೆಂದು ಆಕ್ಷೇಪಿಸಬಹುದು. ಆಗಲಿ, ಅನಿತ್ಯವಸ್ತುವಿಗೆ ವೈಶೇಷಿಕರು ಭೇದವನ್ನು ಅವಯವಗಳಿಂದ ಹೇಳುತ್ತಾರೆ. ಫೋಟಾನಿಗೆ ಅವಯವಗಳೂ ಇಲ್ಲ. ಸಕಲವೂ ನಮ್ಮ ದರ್ಶನಗಳಲ್ಲಿ ಮೊದಲೇ ಇತ್ತೆನ್ನುವ ಮಿತ್ರರು ಈ ಸ್ಥಳದಲ್ಲಿ ತುಸು ನಿಲ್ಲಬೇಕು. ಕಣಾದನನ್ನು ಗೌರವಿಸುವುದೆಂದರೆ ಅವನು ಹೇಳದುದನ್ನು ಅವನ ಬಾಯಿಂದ ಹೇಳಿಸುವುದಲ್ಲ. ಫೋಟಾನುಗಳನ್ನು ಇದು, ಅದು ಎಂದು ವಿಂಗಡಿಸದೆ ಎಣಿಸುವ ಕ್ರಮವನ್ನು ಕಂಡವರು ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು, ೧೯೨೪ರಲ್ಲಿ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳಿಂದ ಜೋಡಿ ಫೋಟಾನುಗಳನ್ನು ಹುಟ್ಟಿಸಿ ಪ್ರಯೋಗಗಳನ್ನು ನಡೆಸಿದ್ದಾರೆ. ಫೋಟಾನುಗಳು ಹೆಚ್ಚಿದಂತೆ ಗಣಿತವು ದುಸ್ತರವಾಗುತ್ತದೆ. ಎರಡಕ್ಕೆ ಅದಲುಬದಲಿನ ಬಗೆಗಳು ೨, ಮೂರಕ್ಕೆ ೬, ಹತ್ತಕ್ಕೆ ೩೬,೨೮,೮೦೦; ಇವೆಲ್ಲವೂ ಒಟ್ಟಿಗೆ ವ್ಯತಿಕರಿಸುತ್ತವೆ.